ತಾಲ್ಲೂಕು ಕಾಲೇಜಿನಲ್ಲಿ ನ್ಯಾಕ್: ನಾವು ಮಾಡಿದ್ದು ಹೀಗೆ

ನಮ್ಮದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ ನ್ಯಾಕ್. 2022ರಲ್ಲಿ ಎರಡನೇ ಸಲ ನ್ಯಾಕ್‌ಗೆ ಹೋದಾಗ ಐಕ್ಯೂಎಸಿ, ಅಂದರೆ ಕಾಲೇಜಿನೊಳಗಿನ ಗುಣಮಟ್ಟದ ಸಮಿತಿಯ ಸಂಚಾಲಕ ನಾನೇ. ನಾನು ಅರ್ಥಶಾಸ್ತ್ರದ ಮೇಷ್ಟ್ರು. ಎಕ್ಸೆಲ್ ಬರುತ್ತೆ ಅನ್ನೋದೇ ನನ್ನ ಅರ್ಹತೆ ಅಂತ ಪ್ರಿನ್ಸಿಪಾಲರೇ ನಗುತ್ತಾ ಹೇಳಿದ್ದರು. ಈಗ ಬೇರೆ ಕಾಲೇಜಿನ ಗೆಳೆಯರು ಫೋನ್ ಮಾಡಿ "ಎಲ್ಲಿಂದ ಶುರು ಮಾಡೋದು ಸಾರ್?" ಅಂತ ಕೇಳುತ್ತಾರೆ. ಗೋಡೆಗೆ ಬಣ್ಣ ಆಮೇಲೆ ಹೊಡೆಸಿ, ಮೊದಲು ಐದು ವರ್ಷದ ಕಾಗದ ಹುಡುಕಿ ಅಂತ ಹೇಳುತ್ತೇನೆ.

ಯಾಕಂದ್ರೆ 2017ರಲ್ಲಿ ಲೆಕ್ಕವೇ ಬದಲಾಯಿತು. ಏಳು ಕ್ರೈಟೀರಿಯಾ, ಅಂದರೆ ಮಾನದಂಡ, ಒಟ್ಟು 1000 ಅಂಕ. ಅದರಲ್ಲಿ ಹೆಚ್ಚುಕಮ್ಮಿ ಶೇ 70ರಷ್ಟು ನಾವು ಅಪ್‌ಲೋಡ್ ಮಾಡುವ ಅಂಕಿ-ಅಂಶಕ್ಕೆ. ಕಾಲೇಜು ತನ್ನ ಬಗ್ಗೆ ತಾನೇ ಬರೆಯುವ ಎಸ್‌ಎಸ್‌ಆರ್ ವರದಿ ಸಲ್ಲಿಸಿದ ಮೇಲೆ, ಅಂಕಿ-ಅಂಶ ಪರಿಶೀಲಿಸುವ ಡಿವಿವಿಯವರು ಅದನ್ನು ಒಂದೊಂದಾಗಿ ತಾಳೆ ನೋಡುತ್ತಿದ್ದರು, ಅನುಮಾನ ಬಂದಲ್ಲಿ ದಾಖಲೆ ಕೇಳುತ್ತಿದ್ದರು. ಅಲ್ಲಿ ಕನಿಷ್ಠ ಅಂಕ ಬರದಿದ್ದರೆ ಕಾಲೇಜನ್ನು ಕಣ್ಣಾರೆ ನೋಡುವ ಪೀರ್ ಟೀಮ್ (ಹೊರಗಿನ ತಜ್ಞರ ತಂಡ) ಬರುತ್ತಲೇ ಇರಲಿಲ್ಲ. ಇಷ್ಟಾದರೂ ಊರಿನವರೆಲ್ಲ ಕಾಯುತ್ತಿದ್ದದ್ದು ಪೀರ್ ಟೀಮ್ ಬರುವ ಎರಡು ದಿನಕ್ಕೇ!

ಹುಡುಕೋಕೆ ಕೂತಾಗ ಗೊತ್ತಾಯಿತು, ನಮ್ಮಲ್ಲಿ ಕೆಲಸ ಆಗಿದೆ, ಪುರಾವೆ ಇಲ್ಲ. ಎನ್‌ಎಸ್‌ಎಸ್ ಫೈಲ್ ತೆಗೆದೆ. "ಶಿಬಿರ ಯಶಸ್ವಿಯಾಗಿ ನೆರವೇರಿತು" ಅಂತ ಒಂದು ಪುಟ. ತಾರೀಕಿಲ್ಲ, ಹಾಜರಾತಿ ಇಲ್ಲ. ಫೋಟೋದಲ್ಲಿ ವೇದಿಕೆ, ಹಾರ, ಶಾಲು ಎಲ್ಲ ಇದೆ. ಬಿಸಿಲಲ್ಲಿ ಗುಂಡಿ ತೋಡಿದ ಹುಡುಗರು ಮಾತ್ರ ಒಬ್ಬರೂ ಇಲ್ಲ. ಎಷ್ಟು ವಿದ್ಯಾರ್ಥಿಗಳು ಭಾಗವಹಿಸಿದರು ಅನ್ನೋದಕ್ಕೆ ಈ ಫೋಟೋ ಇಟ್ಟುಕೊಂಡು ಏನು ಮಾಡೋದು? ಕೊನೆಗೆ ಶಿಬಿರ ನಡೆದ ಊರಿನ ಪಂಚಾಯಿತಿ ಕಚೇರಿಗೆ ಹೋಗಿ ಅವರ ಹಳೇ ಪತ್ರಗಳ ಪ್ರತಿ ತಂದೆವು. ಹಾಜರಾತಿ ಹಾಳೆ ಸಿಕ್ಕಿದ್ದು ವರ್ಗಾವಣೆಯಾಗಿ ಹೋಗಿದ್ದ ಹಿಂದಿನ ಎನ್‌ಎಸ್‌ಎಸ್ ಅಧಿಕಾರಿಯ ಮನೆಯಲ್ಲಿ.

ಅದಕ್ಕಿಂತ ಜಾಸ್ತಿ ಬೆವರಿಳಿಸಿದ್ದು ಐದನೇ ಕ್ರೈಟೀರಿಯಾ. ವಿದ್ಯಾರ್ಥಿವೇತನದ ಭಾಗ ಸಲೀಸು. ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ಲು, ಕಚೇರಿಯ ರಿಜಿಸ್ಟರು ಎರಡನ್ನೂ ಪಕ್ಕಪಕ್ಕ ಇಟ್ಟು ಪಟ್ಟಿ ಮಾಡಿದೆವು. ನಮ್ಮಂಥ ಕಾಲೇಜಿಗೆ ಅಂಕ ಸಿಗುವ ಜಾಗ ಅದು, ಬಿಡಬೇಡಿ. ಆದರೆ ಪದವಿ ಮುಗಿಸಿದವರಲ್ಲಿ ಯಾರು ಕೆಲಸಕ್ಕೆ ಸೇರಿದರು, ಯಾರು ಎಂ.ಎ., ಬಿ.ಇಡಿ.ಗೆ ಹೋದರು ಅನ್ನೋದಕ್ಕೆ ಬರೀ ಹೆಸರು ಸಾಲದು. ನೇಮಕಾತಿ ಪತ್ರವೋ ಪ್ರವೇಶದ ದಾಖಲೆಯೋ ಇರಬೇಕು. ಹಳೇ ಬ್ಯಾಚುಗಳ ವಾಟ್ಸ್ಆ್ಯಪ್ ಗುಂಪು ಹಿಡಿದು ಕೂತೆವು. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿರುವ ಹುಡುಗಿ "ಐಡಿ ಕಾರ್ಡ್ ಸಾಕಾ ಸಾರ್?" ಅಂದಳು. ಇನ್ನೊಬ್ಬ ಸಂಬಳದ ಚೀಟಿ ಕಳಿಸಿದ, ಮೊತ್ತದ ಮೇಲೆ ಹೆಬ್ಬೆರಳು ಇಟ್ಟು ಫೋಟೋ ತೆಗೆದಿದ್ದ. ನಕ್ಕೆವು, ಆದರೆ ನೇಮಕಾತಿ ಪತ್ರ ಕಳಿಸಪ್ಪಾ ಅಂತ ಮತ್ತೆ ಕೇಳಲೇಬೇಕಾಯಿತು.

ಎರಡನೇ ಕ್ರೈಟೀರಿಯಾ ಅಂದರೆ ಬೋಧನೆ, ಕಲಿಕೆ, ಮೌಲ್ಯಮಾಪನ. ನಮ್ಮಂತೆ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳಿಗೆ ಅದೊಂದಕ್ಕೇ 350 ಅಂಕ ಇತ್ತು. ಅಲ್ಲಿ ಪೂರ್ಣಾವಧಿ ಅಧ್ಯಾಪಕರ ಲೆಕ್ಕ ಬರುತ್ತಿತ್ತು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ತರಗತಿ ನಡೆಸುವುದು ಅತಿಥಿ ಉಪನ್ಯಾಸಕರು. ಅವರನ್ನು ಆ ಲೆಕ್ಕಕ್ಕೆ ಹಿಡಿಯಲಾಗಲಿಲ್ಲ. ಹುದ್ದೆ ತುಂಬದೇ ಇರುವುದು ಕಾಲೇಜಿನ ತಪ್ಪಲ್ಲ, ಅಂಕ ಹೋಗುವುದು ಮಾತ್ರ ಕಾಲೇಜಿನದು. ಇದು ಸರಿಯಲ್ಲ ಅಂತ ಈಗಲೂ ನನ್ನ ಅಭಿಪ್ರಾಯ. ಸಂಖ್ಯೆ ಸ್ವಲ್ಪ ಏರಿಸೋಣ ಅಂದವರೂ ಇದ್ದರು. ಡಿವಿವಿಯಲ್ಲಿ ಒಂದು ಕಡೆ ಸಿಕ್ಕಿಬಿದ್ದರೆ ಉಳಿದದ್ದನ್ನೂ ಯಾರೂ ನಂಬಲ್ಲ ಅಂತ ಹೇಳಿ, ಇದ್ದದ್ದನ್ನೇ ಬರೆದೆವು.

ಪೀರ್ ಟೀಮ್ ಬಂದ ದಿನಗಳ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಅವರ ಪ್ರಯಾಣ, ವಸತಿ ಎಲ್ಲ ನ್ಯಾಕ್‌ನದೇ ಏರ್ಪಾಡು. ಗ್ರಂಥಾಲಯ, ಲ್ಯಾಬು, ಶೌಚಾಲಯ ನೋಡಿದರು. ಆಮೇಲೆ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಾತಾಡಿದರು. ಒಬ್ಬ ಹುಡುಗಿ ಎದ್ದು ನಿಂತು, ಮಧ್ಯಾಹ್ನದ ಮೇಲೆ ಊರಿಗೆ ಬಸ್ಸಿಲ್ಲ, ಅದಕ್ಕೇ ಕೊನೇ ಪೀರಿಯಡ್ ಖಾಲಿ ಇರುತ್ತೆ ಅಂದಳಂತೆ. ನಮ್ಮ ಎಸ್‌ಎಸ್‌ಆರ್‌ನಲ್ಲಿ ಎಲ್ಲೂ ಇಲ್ಲದ ಮಾತು. ಮರುವರ್ಷದಿಂದ ಟೈಮ್‌ಟೇಬಲ್ಲನ್ನೇ ಬೆಳಿಗ್ಗೆಗೆ ಎಳೆದೆವು.

ನಮಗೆ ಬಂದದ್ದು ಬಿ ಪ್ಲಸ್, ಅಂದರೆ ಸಿಜಿಪಿಎ (ಒಟ್ಟು ಸರಾಸರಿ ಅಂಕ) 2.51ರಿಂದ 2.75ರ ಒಳಗೆ. ಹಿಂದಿನದು ಬಿ. ಗ್ರೇಡ್ ಬಿಟ್ಟು ಮಾನ್ಯತೆ ಇದೆಯೋ ಇಲ್ಲವೋ ಅಂತಷ್ಟೇ ಹೇಳುವ ಪದ್ಧತಿಗೆ ಹೋಗುವುದಾಗಿ ನ್ಯಾಕ್ 2024ರ ಜನವರಿಯಲ್ಲಿ ಪ್ರಕಟಿಸಿದೆ. ಯಾವ ಪದ್ಧತಿ ಬಂದರೂ ಕಾಗದ ಕೇಳೋದು ತಪ್ಪಲ್ಲ, ಅಲ್ವಾ? ಈಗ ನಮ್ಮಲ್ಲಿ ಯಾವುದೇ ಕಾರ್ಯಕ್ರಮ ಮುಗಿದರೂ ಸುತ್ತೋಲೆ, ಸಹಿ ಹಾಕಿದ ಹಾಜರಾತಿ, ಜಾಗದ ಗುರುತು (ಜಿಯೋಟ್ಯಾಗ್) ಇರುವ ಫೋಟೋ, ಒಂದು ಪುಟದ ವರದಿ ಅದೇ ವಾರ ಡ್ರೈವ್ ಫೋಲ್ಡರಿಗೆ ಹೋಗಬೇಕು. ಪ್ರತಿ ವರ್ಷದ ಗುಣಮಟ್ಟದ ವರದಿ, ಅಂದರೆ ಎಕ್ಯೂಎಆರ್, ಅಲ್ಲಿಂದಲೇ ತಯಾರಾಗುತ್ತದೆ. ಟಿ.ಸಿ. ತೆಗೆದುಕೊಳ್ಳೋಕೆ ಬಂದವರ ಹತ್ತಿರ ಮನೆಯವರ ನಂಬರು ಕೂಡ ಬರೆಸಿಕೊಳ್ಳುತ್ತೇವೆ. ಹುಡುಗರು ಸಿಮ್ ಬದಲಾಯಿಸುತ್ತಲೇ ಇರುತ್ತಾರೆ.