ಅಂಚುಕಲ್ಲು ತೆಗೆಸಿದ ಮೇಲೆ

ಬೆಂಗಳೂರಿನ ಒಂದು ವೃತ್ತದಲ್ಲಿ ಪಾದಚಾರಿ ಮಾರ್ಗದ ಕೆಲಸ ನನ್ನ ಉಸ್ತುವಾರಿಯಲ್ಲಿ ನಡೆಯಿತು. ಗಾಲಿಕುರ್ಚಿ ಸಲೀಸಾಗಿ ಇಳಿಯಲಿ ಎಂದು ಮೂಲೆಯ ಅಂಚುಕಲ್ಲು ತೆಗೆಸಿ, 12 ಅಡಿ ಉದ್ದಕ್ಕೆ 1 ಅಡಿ ಇಳಿಯುವ ಇಳಿಜಾರು ಮಾಡಿಸಿ, ರಸ್ತೆಯ ಮಟ್ಟಕ್ಕೆ ನುಣ್ಣಗೆ ಕೂಡಿಸಿದೆ. ಒಳ್ಳೆಯ ಕೆಲಸವೆಂದೇ ನಂಬಿದ್ದೆ.

ಆ ದಾರಿಯಲ್ಲಿ ದಿನವೂ ಕೆಲಸಕ್ಕೆ ಹೋಗುವ, ಕಣ್ಣು ಕಾಣದ ಬ್ಯಾಂಕ್ ನೌಕರರೊಬ್ಬರನ್ನು ಒಮ್ಮೆ ನಡೆದು ನೋಡಲು ಕರೆದೆ. ಅವರು ಮೂಲೆಗೆ ಬಂದರು, ನಿಲ್ಲಲಿಲ್ಲ. ಮೂರು ಹೆಜ್ಜೆ ರಸ್ತೆಯೊಳಗೆ ಇಟ್ಟಾಗ ಓಡಿಹೋಗಿ ತೋಳು ಹಿಡಿದೆ. ‘ಅಂಚು ಎಲ್ಲಿ ಹೋಯಿತು?’ ಎಂದು ಕೇಳಿದರು. ನಾನು ಅಡಚಣೆ ಎಂದು ಕೀಳಿಸಿದ್ದ ಕಲ್ಲೇ ಅವರ ಬಿಳಿ ಕೋಲಿಗೆ ‘ಇಲ್ಲಿ ನಿಲ್ಲು’ ಎನ್ನುವ ಗುರುತಾಗಿತ್ತು. ಇನ್ನೊಂದು ತಪ್ಪೂ ಆಗಲೇ ಕಂಡಿತು. ಇಳಿಜಾರು ಮೂಲೆಯಲ್ಲಿ ಓರೆಯಾಗಿತ್ತು. ಅದರ ನೇರಕ್ಕೆ ನಡೆದವರು ಎದುರು ದಡ ಸೇರುವುದಿಲ್ಲ, ವೃತ್ತದ ನಡುವಿಗೇ ಹೋಗುತ್ತಾರೆ.

ಆ ರಾತ್ರಿ ನಿದ್ದೆ ಬರಲಿಲ್ಲ.

ಮೂಲೆಯ ಇಳಿಜಾರು ಒಡೆಸಿ, ಒಂದೊಂದು ಜೀಬ್ರಾ ಪಟ್ಟೆಗೂ ನೇರ ಎದುರಾಗಿ ಪ್ರತ್ಯೇಕ ಇಳಿಜಾರು ಕಟ್ಟಿಸಿದೆ. ಅದರ ಬುಡದಲ್ಲಿ, ಇಳಿಜಾರಿನ ಪೂರ್ತಿ ಅಗಲಕ್ಕೆ, 300 ಮಿಲಿಮೀಟರಿನ ಉಬ್ಬು ಚುಕ್ಕೆಗಳ ಟೈಲ್ಸ್ ಎರಡು ಸಾಲು. ಒಂದೇ ಸಾಲಾದರೆ ದೊಡ್ಡ ಹೆಜ್ಜೆ ಅದನ್ನು ದಾಟಿಬಿಡುತ್ತದೆ. ಬಣ್ಣ ಹಳದಿ, ಏಕೆಂದರೆ ಮಂದದೃಷ್ಟಿಯವರಿಗೆ ಬೂದು ಕಲ್ಲಿನ ನಡುವೆ ಅದು ಎದ್ದು ಕಾಣುತ್ತದೆ. ಉದ್ದ ಉಬ್ಬು ಗೆರೆಗಳ ಟೈಲ್ಸ್ ‘ಹೀಗೆ ಹೋಗು’ ಎಂದರೆ ಚುಕ್ಕೆಗಳದ್ದು ‘ನಿಲ್ಲು, ಎಚ್ಚರ’ ಎನ್ನುತ್ತವೆ. ಗಾರೆಯವರಿಗೆ ಇದು ಅಂದದ ಟೈಲ್ಸ್. ಮ್ಯಾನ್‌ಹೋಲ್ ಅಡ್ಡ ಬಂದಲ್ಲಿ ಗೆರೆಗಳನ್ನು ತಿರುಗಿಸಿ ಹಾಕಿಬಿಟ್ಟಿದ್ದರು. ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ಇದನ್ನು ರೂಪಿಸಿದ್ದು, 1967ರಲ್ಲಿ ಒಕಯಾಮದ ಅಂಧರ ಶಾಲೆಯ ಬಳಿ ಮೊದಲು ಹಾಸಿದ್ದು ಎಲ್ಲವನ್ನೂ ಹೇಳಿದೆ. ಅದಕ್ಕಿಂತ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅದರ ಮೇಲೆ ನಡೆಯಿರಿ ಎಂದದ್ದೇ ನಾಟಿತು. ಮೇಸ್ತ್ರಿ ತಾವಾಗಿಯೇ ಕಿತ್ತು ಸರಿಯಾಗಿ ಕೂರಿಸಿದರು.

ಹಸಿರು ಬಿದ್ದಾಗ ಸದ್ದು ಮಾಡುವ ಸಿಗ್ನಲ್ ಹಾಕುವಾಗ ಎರಡೂ ದಿಕ್ಕಿನ ಪೆಟ್ಟಿಗೆಗಳನ್ನು ಒಂದೇ ಕಂಬಕ್ಕೆ ಬಿಗಿಯಲು ಹೊರಟಿದ್ದರು. ಹಾಗೆ ಮಾಡಿದರೆ ಯಾವ ರಸ್ತೆಗೆ ಹಸಿರು ಬಿದ್ದಿದೆ ಎಂಬುದು ತಿಳಿಯುವುದಿಲ್ಲ. ಮೂರು ಮೀಟರಿಗೂ ಹೆಚ್ಚು ಅಂತರದಲ್ಲಿ ಬೇರೆ ಬೇರೆ ಕಂಬ ನೆಡಿಸಿದೆ.

ದಾಟುವ ಸಮಯದ ಲೆಕ್ಕವೂ ಬದಲಾಯಿತು. 14 ಮೀಟರ್ ರಸ್ತೆಗೆ ಸೆಕೆಂಡಿಗೆ 1.2 ಮೀಟರಿನಂತೆ 12 ಸೆಕೆಂಡ್ ಸಾಕೆಂದಿದ್ದೆ. ಆ ಬ್ಯಾಂಕ್ ನೌಕರರ ಪಕ್ಕದಲ್ಲಿ ನಿಂತು ಎಣಿಸಿದೆ: ಸದ್ದು ಕೇಳಿ, ಇಂಜಿನ್‌ಗಳ ಸದ್ದು ತಗ್ಗಿದ್ದನ್ನು ಖಚಿತಪಡಿಸಿಕೊಂಡು ಕೋಲು ಮುಂದಿಡುವುದಕ್ಕೇ ನಾಲ್ಕು ಸೆಕೆಂಡ್ ಹೋಯಿತು. 20ಕ್ಕೆ ಏರಿಸಲು ಹಟ ಹಿಡಿದೆ, ಏರಿತು.

ಈಗ ಅವರು ಚುಕ್ಕೆಗಳ ಮೇಲೆ ನಿಲ್ಲುತ್ತಾರೆ, ಸದ್ದು ಬಂದಾಗ ಹೊರಡುತ್ತಾರೆ, ನೇರ ಎದುರಿನ ಇಳಿಜಾರಿಗೇ ತಲುಪುತ್ತಾರೆ. ಎಡಕ್ಕೆ ತಿರುಗುವ ವಾಹನಗಳು ಮಾತ್ರ ಇನ್ನೂ ನಿಲ್ಲುವುದಿಲ್ಲ. ಅದರಲ್ಲೂ ಬ್ಯಾಟರಿ ಸ್ಕೂಟರುಗಳು ಸದ್ದಿಲ್ಲದೆ ಬಂದುಬಿಡುತ್ತವೆ ಎಂದು ಹೇಳಿದರು. ಎಡತಿರುವಿಗೂ ಕೆಂಪು ದೀಪ ಬೇಕೆಂದು ಎರಡನೆಯ ಪತ್ರ ಬರೆದಿದ್ದೇನೆ.