ಪೊಟರೆಯ ಬುಡದಲ್ಲಿ ಪುಕ್ಕ ಬಿದ್ದಿದೆಯೇ?

ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಸುಮಾರು 1 ಮೀಟರ್, ತೂಗಿದರೆ ಸಾಮಾನ್ಯವಾಗಿ 200 ಗ್ರಾಂ ಕೂಡ ಇಲ್ಲ. ದಕ್ಷಿಣ ಮೆಕ್ಸಿಕೊದಿಂದ ಬೊಲಿವಿಯಾ, ಬ್ರೆಜಿಲ್‌ವರೆಗಿನ ಕಾಡುಗಳ ವ್ಯಾಂಪೈರಮ್ ಸ್ಪೆಕ್ಟ್ರಮ್, ಅಮೆರಿಕ ಖಂಡಗಳಲ್ಲೇ ದೊಡ್ಡ ಬಾವಲಿ. ಹೆಸರು ವ್ಯಾಂಪೈರ್ ಆದರೂ ರಕ್ತ ಹೀರುವುದಿಲ್ಲ. ಹಕ್ಕಿ, ಇಲಿ, ಸಣ್ಣ ಬಾವಲಿಗಳನ್ನು ಹಿಡಿದು ತಿನ್ನುತ್ತದೆ.

ಅದನ್ನು ಆಕಾಶದಲ್ಲಿ ಹುಡುಕಬೇಡಿ. ಮುಸ್ಸಂಜೆಯಲ್ಲಿ ಹೋಲಿಕೆಗೆ ಪಕ್ಕದಲ್ಲಿ ಏನೂ ಇಲ್ಲದಿದ್ದರೆ ಯಾವ ಬಾವಲಿಯೂ ದೊಡ್ಡದೇ. ಹಗಲಿನಲ್ಲಿ ಪೊಟರೆಯಿರುವ ಹಳೆಯ ಹೆಮ್ಮರಗಳ ಬುಡ ನೋಡುತ್ತಾ ಹೋಗಿ. ಹಿಕ್ಕೆಯ ಜೊತೆ ಹಕ್ಕಿಗಳ ರೆಕ್ಕೆ, ಬಾಲದ ಗರಿಗಳು ಬಿದ್ದಿದ್ದರೆ ಅದು ಒಳ್ಳೆಯ ಸುಳಿವು: ಬೇಟೆಯನ್ನು ಮನೆಗೆ ತಂದು ತಿನ್ನುವ ಅಭ್ಯಾಸ ಇದರದ್ದು. ಗರಿಗಳನ್ನು ಕಾಗದದ ಲಕೋಟೆಗೆ ಹಾಕಿ, ದಿನಾಂಕ ಬರೆಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆ ಗರಿ ಬೂಷ್ಟು ಹಿಡಿಯುತ್ತದೆ. ಪೊಟರೆಯೊಳಗೆ ತಲೆ ಹಾಕಲೇಬೇಡಿ. ಒಣ ಹಿಕ್ಕೆಯ ದೂಳಿನಲ್ಲಿರುವ ಶಿಲೀಂಧ್ರ ಶ್ವಾಸಕೋಶಕ್ಕೆ ಹಿಸ್ಟೊಪ್ಲಾಸ್ಮೋಸಿಸ್ ಎಂಬ ಸೋಂಕು ತರಬಲ್ಲದು.

ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲೇ 10–15 ಮೀಟರ್ ದೂರದಲ್ಲಿ, ಹೊರಬರುವ ದಾರಿಗೆ ಅಡ್ಡವಾಗದಂತೆ ಕೂರಿ. ಇನ್‌ಫ್ರಾರೆಡ್ ಕ್ಯಾಮೆರಾ ಇದ್ದರೆ ಪೊಟರೆಯ ಬಾಯಿಯತ್ತ ತಿರುಗಿಸಿಟ್ಟು ಬಿಡಿ. ಫ್ಲ್ಯಾಶ್, ಬಿಳಿ ಟಾರ್ಚ್ ಬೇಡ: ಬೆದರಿದ ಕುಟುಂಬ ಮನೆಯನ್ನೇ ಬಿಡಬಹುದು. ಗುಂಪಿನಲ್ಲಿ ಗಂಡು, ಹೆಣ್ಣು, ಮರಿಗಳು ಸೇರಿ ನಾಲ್ಕೈದು ಇದ್ದರೆ ಹೆಚ್ಚು. ನೂರಾರು ಹೊರಬಂದರೆ ನಿಮ್ಮ ಮರ ಬೇರೆಯವರದ್ದು. ನಮಗೆ ಕೇಳಿಸದ ಬಾವಲಿ ಕೂಗನ್ನು ಹಿಡಿಯುವ ಸಾಧನ, ಬ್ಯಾಟ್ ಡಿಟೆಕ್ಟರ್, ಮೌನವಾಗಿದ್ದರೆ ಬಾವಲಿ ಇಲ್ಲವೆಂದಲ್ಲ. ಈ ಎಲೆಮೂಗಿನ ಕುಟುಂಬದವು ಬಹುಪಾಲು ಪಿಸುಗುಟ್ಟುವವು, ಕೆಲವೇ ಮೀಟರ್ ಆಚೆ ಕೂಗು ಸಿಗುವುದಿಲ್ಲ.

ಚಿತ್ರದಲ್ಲಿ ಮೊದಲು ಮುಖ ನೋಡಿ: ಉದ್ದ, ಸಪೂರ ಮೂತಿ, ಈಟಿಯಂಥ ಮೂಗಿನ ಎಲೆ, ದೊಡ್ಡ ದುಂಡು ಕಿವಿ. ಮೈ ಕೆಂಗಂದು. ಬಾಲ ಹೊರಗೆ ಕಾಣುವುದೇ ಇಲ್ಲ. ಎಡವುವುದು ಹೆಚ್ಚಾಗಿ ಕ್ರೊಟಾಪ್ಟೆರಸ್ ಆರಿಟಸ್ ಎಂಬ ಇನ್ನೊಂದು ಬಾವಲಿಯ ಬಳಿ. ಅದಕ್ಕೂ ದೊಡ್ಡ ಕಿವಿ, ಅದೂ ಮಾಂಸಾಹಾರಿ; ಆದರೆ ತೂಕ ಸುಮಾರು ಅರ್ಧ, ಉಣ್ಣೆಯಂಥ ಬೂದು ತುಪ್ಪಳ. ಪರವಾನಗಿ ಪಡೆದು, ರೇಬೀಸ್ ಲಸಿಕೆ ಹಾಕಿಸಿಕೊಂಡವರು ಹಿಡಿದಾಗ ಅನುಮಾನ ಉಳಿಯುವುದಿಲ್ಲ: ಮೊಣಕೈಯಿಂದ ಮಣಿಕಟ್ಟಿನವರೆಗೆ ಕ್ಯಾಲಿಪರ್ ಇಟ್ಟರೆ ಬೆಳೆದ ಸ್ಪೆಕ್ಟ್ರಮ್‌ಗೆ 10 ಸೆಂಟಿಮೀಟರ್ ಆಸುಪಾಸು, ಆರಿಟಸ್‌ಗೆ 8ರ ಆಸುಪಾಸು. ಕೆಳದವಡೆಯಲ್ಲಿ ಸ್ಪೆಕ್ಟ್ರಮ್‌ಗೆ ನಾಲ್ಕು ಬಾಚಿಹಲ್ಲು, ಆರಿಟಸ್‌ಗೆ ಎರಡೇ. ಎಣಿಸುವ ಕೈಗೆ ದಪ್ಪ ತೊಗಲಿನ ಗವಸು ಇರಲಿ.