ಚಿರೆಕಲ್ಲಿನ ಗೋಡೆ, ಆರಿದ್ರಾ ಮಳೆ ಮತ್ತು ಆಫೀಸಿನ ವೈಫೈ

ಶಿರಸಿ ಪೇಟೆಯ ಹಳೇ ಮನೆಯೊಂದನ್ನು ಆಫೀಸು ಮಾಡಿಕೊಂಡವರಿಗೆ ವೈಫೈ ಹಾಕಿಕೊಟ್ಟಿದ್ದೆ. ಇಪ್ಪತ್ತು ಜನ ಕೂರುವ ಜಾಗ. ಏಪ್ರಿಲ್‌ನಲ್ಲಿ ಅಳೆದಾಗ ಎಲ್ಲ ಕೋಣೆಯಲ್ಲೂ ಸಿಗ್ನಲ್ ಚೆನ್ನಾಗಿತ್ತು. ಆರಿದ್ರಾ ಮಳೆ ಹಿಡಿದ ಮೇಲೆ ಫೋನ್ ಬಂತು. "ಹಿಂದಿನ ಕೋಣೆಯಲ್ಲಿ ವಿಡಿಯೊ ಕಾಲ್ ನಿಲ್ತಾನೇ ಇಲ್ಲ ಮಾರಾಯ್ರೇ!" ಹೋಗಿ ನೋಡಿದರೆ ರೂಟರ್ ಸರಿ ಇದೆ, ಲೈನೂ ಸರಿ ಇದೆ. ನಡುವಿನ ಚಿರೆಕಲ್ಲಿನ ಗೋಡೆ ಮಾತ್ರ ನೀರು ಕುಡಿದು ತಣ್ಣಗೆ ನಿಂತಿತ್ತು. ಒದ್ದೆ ಗೋಡೆ ಒಣ ಗೋಡೆಗಿಂತ ಜಾಸ್ತಿ ಸಿಗ್ನಲ್ ನುಂಗುತ್ತದೆ. ನಮ್ಮ ಕಡೆ ಚಿರೆಕಲ್ಲಿನ ಮೈತುಂಬ ತೂತು, ಗೋಡೆಯೋ ಒಂದು ಮೊಳ ದಪ್ಪ. ಮಳೆಗಾಲವನ್ನು ಲೆಕ್ಕಕ್ಕೆ ಹಿಡಿಯದೆ ನಾನು ತಪ್ಪು ಮಾಡಿದ್ದೆ.

ಹಾಗಾಗಿ ಈಗ ಯಾರಾದರೂ "ಎಷ್ಟು ಎಂಬಿಪಿಎಸ್ ಪ್ಲಾನ್ ತಗೊಳ್ಳೋಣ?" ಎಂದು ಕೇಳಿದರೆ, ಮೊದಲು ಕಟ್ಟಡ ನೋಡೋಣ ಅನ್ನುತ್ತೇನೆ.

ಮೊದಲು ಹಾಳೆ, ಪೆನ್ಸಿಲ್

ಆಫೀಸಿನ ನಕ್ಷೆ ಬರೆಯಿರಿ. ಯಾವ ಗೋಡೆ ಚಿರೆಕಲ್ಲು, ಯಾವುದು ಕಾಂಕ್ರೀಟ್, ಎಲ್ಲಿ ಬರೀ ಪ್ಲೈವುಡ್ ಅಂತ ಗುರುತು ಹಾಕಿ. ಕಬ್ಬಿಣದ ಕಪಾಟು, ದೊಡ್ಡ ಕನ್ನಡಿ ಇದ್ದರೆ ಅದನ್ನೂ ಬರೆಯಿರಿ. ಯಾರು ಎಲ್ಲಿ ಕೂರುತ್ತಾರೆ, ಯಾರು ಹೆಚ್ಚು ವಿಡಿಯೊ ಕಾಲ್ ಮಾಡುತ್ತಾರೆ ಎಂಬುದೂ ಬೇಕು. ಇಪ್ಪತ್ತು ಜನ ಅಂದರೆ ಇಪ್ಪತ್ತು ಉಪಕರಣವಲ್ಲ. ಲ್ಯಾಪ್‌ಟಾಪ್, ಫೋನ್ ಸೇರಿದರೆ ನಲವತ್ತು. ಪ್ರಿಂಟರ್, ಕ್ಯಾಮೆರಾ ಬೇರೆ.

ಈಗ ನಡೆದು ನೋಡಬೇಕು. ಗೋಡೆ ಕೊರೆಯುವ ಮೊದಲೇ ಒಂದು ಆಕ್ಸೆಸ್ ಪಾಯಿಂಟನ್ನು (ವೈಫೈ ಸಿಗ್ನಲ್ ಬಿಡುವ ಬಾಕ್ಸ್) ಏಣಿಯ ಮೇಲೆ ಕಟ್ಟಿ, ಉದ್ದ ಕೇಬಲ್ ಕೊಟ್ಟು ಚಾಲೂ ಮಾಡಿ. ಕೈಯಲ್ಲಿ ವೈಫೈ ಅಳೆಯುವ ಆ್ಯಪ್ ಇರುವ ಆಂಡ್ರಾಯ್ಡ್ ಫೋನ್ ಹಿಡಿದು ಪ್ರತಿ ಕುರ್ಚಿಯ ಹತ್ತಿರ ಹೋಗಿ. ಫೋನ್ ತೋರಿಸುವ ಅಂಕೆ ಮೈನಸ್‌ನಲ್ಲಿ ಇರುತ್ತದೆ. ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. ಮಾತು, ವಿಡಿಯೊ ತಡೆಯಿಲ್ಲದೆ ನಡೆಯಲು -67 ಡಿಬಿಎಂ (ಸಿಗ್ನಲ್ ಶಕ್ತಿ ಅಳೆಯುವ ಮಾನ) ಬೇಕು. ಅದು 3 ಕಡಿಮೆಯಾಗಿ -70 ಆದರೆ ಸಿಗ್ನಲ್ ಶಕ್ತಿ ಅರ್ಧಕ್ಕೆ ಇಳಿದಂತೆ. ಅದಕ್ಕೇ ಬೇಸಿಗೆಯಲ್ಲಿ ಅಳೆಯುವಾಗ ನಾನು -60 ಸಿಗದಿದ್ದರೆ ಒಪ್ಪುವುದಿಲ್ಲ. ಉಳಿದದ್ದು ಮಳೆಗಾಲದ ಪಾಲು.

ಬಾಕ್ಸಿಗಿಂತ ಕೇಬಲ್ ಮುಖ್ಯ

ಸಿಗ್ನಲ್ ಬಾರದ ಕೋಣೆಗೆ ರಿಪೀಟರ್ (ಬಂದ ಸಿಗ್ನಲ್ಲನ್ನೇ ಹಿಡಿದು ಮುಂದೆ ಕಳಿಸುವ ಬಾಕ್ಸ್) ತಂದಿಡುವುದು ಎಲ್ಲರೂ ಮಾಡುವ ಕೆಲಸ. ಸಾಮಾನ್ಯ ರಿಪೀಟರ್ ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ಚಾನೆಲ್ (ಸಿಗ್ನಲ್ ಹೋಗುವ ದಾರಿ) ಬಳಸುತ್ತದೆ. ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಬೀಳುತ್ತದೆ. ಮನೆಗೆ ನಡೆದೀತು, ಆಫೀಸಿಗೆ ಬೇಡ. ಪ್ರತಿ ಆಕ್ಸೆಸ್ ಪಾಯಿಂಟಿಗೂ ಸ್ವಿಚ್‌ನಿಂದ (ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಡಬ್ಬಿ) ನೇರ ಕೇಬಲ್ ಎಳೆಯಿರಿ. ಶುದ್ಧ ತಾಮ್ರದ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಕೇಳಿ ತಗೊಳ್ಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ಕೇಬಲ್ಲೂ ಅಂಗಡಿಯಲ್ಲಿ ಇರುತ್ತದೆ. ಅದರಲ್ಲಿ ಕರೆಂಟು ಹಾಯಿಸಿದರೆ ಬಿಸಿಯಾಗುತ್ತದೆ. ಒಂದು ಎಳೆ 100 ಮೀಟರ್ ದಾಟಬಾರದು. ಪಿಒಇ ಸ್ವಿಚ್ ಇದ್ದರೆ ಅದೇ ಕೇಬಲ್ಲಿನಲ್ಲಿ ವಿದ್ಯುತ್ತೂ ಹೋಗುತ್ತದೆ, ಅಟ್ಟದ ಮೇಲೆ ಪ್ಲಗ್ ಪಾಯಿಂಟ್ ಹುಡುಕಬೇಕಿಲ್ಲ.

ಆಕ್ಸೆಸ್ ಪಾಯಿಂಟನ್ನು ಕೋಣೆಗಳ ನಡುವಿನ ಓಣಿಯಲ್ಲಿ ಹಾಕಬೇಡಿ. ಜನ ಕೂರುವ ಕೋಣೆಯ ಮಾಡಿನಲ್ಲಿ ಹಾಕಿ. ಶಿರಸಿಯ ಆ ಹಿಂದಿನ ಕೋಣೆಗೂ ಕೊನೆಗೆ ಇದನ್ನೇ ಮಾಡಿದೆವು.

ಚಾನೆಲ್ ಹಂಚುವುದು

ವೈಫೈಯಲ್ಲಿ ಒಂದು ಚಾನೆಲ್ಲಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡುವುದು. ಉಳಿದವರು ಕಾಯುತ್ತಾರೆ. ಅಕ್ಕಪಕ್ಕದ ಎರಡು ಬಾಕ್ಸ್ ಒಂದೇ ಚಾನೆಲ್ ಹಿಡಿದರೆ ಸರದಿ ಉದ್ದವಾಗುತ್ತದೆ. ವೈಫೈ ಬಾಕ್ಸ್‌ನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಿರುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಆ ಪಟ್ಟಿಯನ್ನು ಪ್ರಿಂಟರ್, ಹಳೇ ಫೋನುಗಳಿಗೆ ಬಿಡಿ. ಕೆಲಸದ ಲ್ಯಾಪ್‌ಟಾಪ್‌ಗಳು 5 ಗಿಗಾಹರ್ಟ್ಸ್‌ನಲ್ಲಿರಲಿ. ಚಾನೆಲ್ ಅಗಲ 80 ಮೆಗಾಹರ್ಟ್ಸ್ ಇಟ್ಟರೆ ಸ್ಪೀಡ್ ಟೆಸ್ಟ್ ಚೆಂದ ಕಾಣುತ್ತದೆ, ನಿಜ. ಆದರೆ ಮೂರ್ನಾಲ್ಕು ಬಾಕ್ಸ್ ಇರುವಲ್ಲಿ 20 ಅಥವಾ 40 ಸಾಕು.

ಕಾರವಾರದವರಿಗೆ ಒಂದು ಮಾತು. 5 ಗಿಗಾಹರ್ಟ್ಸ್‌ನ 52ರಿಂದ 144ರವರೆಗಿನ ಚಾನೆಲ್‌ಗಳು ರಡಾರ್ ಕೂಡ ಬಳಸುವ ಜಾಗ. ರಡಾರ್ ಕೇಳಿಸಿದೊಡನೆ ಆಕ್ಸೆಸ್ ಪಾಯಿಂಟ್ ಆ ಚಾನೆಲ್ ಬಿಟ್ಟು ಓಡಬೇಕು. ಆಗ ಕಾಲ್ ಕಡಿಯಬಹುದು. ಬಂದರು, ನೌಕಾನೆಲೆ ಇರುವ ಊರಿನಲ್ಲಿ 36ರಿಂದ 48, 149ರಿಂದ 161 ಇಟ್ಟು ಶುರು ಮಾಡುವುದು ಒಳ್ಳೆಯದು.

ಸಿಡಿಲು, ಕರೆಂಟು, ಉಪ್ಪುಗಾಳಿ

ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವಷ್ಟರಲ್ಲಿ ರೂಟರ್ ಆಫ್ ಆಗಿ ಮತ್ತೆ ಏಳಬಹುದು. ಅದು ಏಳುವವರೆಗೆ ಇಡೀ ಆಫೀಸು ಸುಮ್ನೆ ಕೂರಬೇಕು. ಫೈಬರ್ ಬಾಕ್ಸ್, ರೂಟರ್, ಸ್ವಿಚ್ ಮೂರಕ್ಕೂ ಸೇರಿ ಒಂದು ಸಣ್ಣ ಯುಪಿಎಸ್ ಇಡಿ. ಮೇ ಮತ್ತು ಅಕ್ಟೋಬರಿನ ಸಿಡಿಲು ನಮಗೆ ಗೊತ್ತೇ ಇದೆ. ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆದರೆ ಸಿಡಿಲಿಗೆ ದಾರಿ ಮಾಡಿಕೊಟ್ಟಂತೆ. ಅಲ್ಲಿ ಫೈಬರ್ ಹಾಕಿ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ ಉಪ್ಪುಗಾಳಿಯ ಕಾಟ. ಕೇಬಲ್ ತುದಿಯ ಪಿನ್ನುಗಳು ಹಸಿರುಗಟ್ಟುತ್ತವೆ. ಹೊರಗೆ ಹಾಕುವ ಬಾಕ್ಸ್ ಹೊರಗಿನ ಬಳಕೆಗೇ ಮಾಡಿದ್ದಾಗಿರಲಿ, ಕೇಬಲ್ ಕೆಳಗಿನಿಂದ ಒಳಗೆ ಹೋಗಲಿ.

ಇಂಟರ್ನೆಟ್ ಲೈನ್ ಎರಡು ಬೇಕು. ಆದರೆ ಎರಡೂ ಕಂಪನಿಯ ಫೈಬರ್ ಒಂದೇ ಕಂಬದ ಮೇಲೆ ಬಂದರೆ, ಒಂದು ಮರ ಬಿದ್ದರೆ ಎರಡೂ ಹೋದವು. ಎರಡನೆಯದು 4ಜಿ ಅಥವಾ 5ಜಿ ಇರಲಿ.

ಗಿರಾಕಿಗಳಿಗೆ ಬೇರೆ ಹೆಸರಿನ ವೈಫೈ ಕೊಡಿ. ಅದರಿಂದ ನಿಮ್ಮ ಕಂಪ್ಯೂಟರ್, ಪ್ರಿಂಟರ್ ಕಾಣಿಸಬಾರದು.

ಎಲ್ಲ ಮುಗಿದ ಮೇಲೆ ಅದೇ ನಕ್ಷೆಯ ಮೇಲೆ ಪ್ರತಿ ಕುರ್ಚಿಯ ಅಂಕೆ ಬರೆದು, ತಾರೀಖು ಹಾಕಿ, ಸ್ವಿಚ್ ಡಬ್ಬಿಯ ಬಾಗಿಲ ಒಳಗೆ ಅಂಟಿಸಿಡಿ. ಜುಲೈನಲ್ಲಿ ಜಡಿಮಳೆಯ ಒಂದು ದಿನ ಫೋನ್ ಹಿಡಿದು ಮತ್ತೊಮ್ಮೆ ಸುತ್ತಿ. ಹೊಸ ಅಂಕೆಯನ್ನು ಹಳೆಯದರ ಪಕ್ಕದಲ್ಲಿ ಬರೆಯಿರಿ.